ಟೈರಿನ ಮೇಲಿನ ಬಿಳಿ ಗೀಟು

ಸಭೆಗೆ ಬಂದಿರುವ ಎಲ್ಲರಿಗೂ, ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಗೆ, ಅವರ ಮಗಳಿಗೆ, ನಮ್ಮ ಯಜಮಾನರಿಗೆ — ನಮಸ್ಕಾರ. ನಾನು ಈ ಕಂಪನಿಯಲ್ಲಿ ಕಾರು ಮಾರುವವನು. ದಿನವಿಡೀ ಮಾತಾಡಿಯೇ ಹೊಟ್ಟೆ ಹೊರೆಯುವವನು. ಆದರೂ ಇವತ್ತು ಬಾಯಿ ಒಣಗುತ್ತಿದೆ. ಸ್ವಲ್ಪ ನೀರು ಕೊಡಿ — ಹಾಂ, ಸಾಕು.

ನಮ್ಮ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು ಹೋಗಿಬಿಟ್ಟರು. ಮುಖ್ಯಸ್ಥರು ಅಂತ ನಾವು ಯಾರೂ ಕರೆದದ್ದಿಲ್ಲ ಬಿಡಿ. ಎದುರಿಗೆ ‘ಅಣ್ಣ’, ಬೆನ್ನ ಹಿಂದೆ ‘ಸೀಮೆಸುಣ್ಣ’. ಅತ್ತಿಗೆ, ಬೇಜಾರಾಗಬೇಡಿ — ಅಣ್ಣನಿಗೂ ಅದು ಗೊತ್ತಿತ್ತು.

ಯಾಕೆ ಆ ಹೆಸರು? ಅಂಗಳದಲ್ಲಿ ಸಾಲಾಗಿ ನಿಂತ ಹೊಸ ಕಾರುಗಳೆಲ್ಲ ಬ್ಯಾಂಕಿನ ಸಾಲದಲ್ಲಿ ತಂದವು. ತಿಂಗಳು ಕಳೆದರೂ ಮಾರಾಟವಾಗದ ಕಾರಿನ ಟೈರಿಗೆ ಅಣ್ಣ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಿದ್ದರು — ಹೀಗೆ, ಮೊಣಕಾಲು ಹಿಡಿದುಕೊಂಡು, ಬಗ್ಗಿ. ಇನ್ನೊಂದು ತಿಂಗಳು, ಇನ್ನೊಂದು ಗೀಟು. "ಇದು ನಿಂತಲ್ಲೇ ನಿಂತು ನಮ್ಮನ್ನ ತಿಂತಿದೆ ಕಣಯ್ಯಾ" ಎನ್ನುತ್ತಿದ್ದರು.

ಕಾರು ಮಾರಿದಾಗ ನಾವು ಗಂಟೆ ಬಾರಿಸಿ ಚಪ್ಪಾಳೆ ತಟ್ಟುತ್ತೇವಲ್ಲ — ಅಣ್ಣ ಬಾಗಿಲಲ್ಲಿ ತಲೆ ಹಾಕಿ ಕೇಳುತ್ತಿದ್ದರು, "ಸಂತೋಷಾನಪ್ಪಾ. ಕೈಯಲ್ಲಿ ಎಷ್ಟು ಉಳೀತು?" ಫ್ರೀ ಕ್ಯಾಶ್ ಫ್ಲೋ ಮಾರ್ಜಿನ್ ಎಂಬುದು ಅದರ ದೊಡ್ಡ ಹೆಸರು. ನೂರು ರೂಪಾಯಿ ವ್ಯಾಪಾರವಾದರೆ, ಕಾರು ತಂದ ದುಡ್ಡು, ಬಡ್ಡಿ, ಬಾಡಿಗೆ, ಸಂಬಳ, ತೆರಿಗೆ, ಹೊಸ ಯಂತ್ರ, ಹೊಸ ಗಾಜಿನ ಗೋಡೆ — ಎಲ್ಲ ಕೊಟ್ಟ ಮೇಲೆ ನಿಜವಾಗಿ ಕೈಯಲ್ಲಿ ಉಳಿಯುವ ನಗದು. ನಮ್ಮಲ್ಲಿ ಅದು ಒಂದು ರೂಪಾಯಿ. ನೂರಕ್ಕೆ ಒಂದೇ ಒಂದು! "ಲಾಭ ಕಾಗದದ ಮೇಲೆ ಎಷ್ಟಾದ್ರೂ ಇರ್ಲಿ, ಸಂಬಳ ಕೈಯಿಂದ ಕೊಡ್ಬೇಕಲ್ಲ" ಎಂದು ನಮ್ಮ ಬಾಯಿ ಮುಚ್ಚಿಸುತ್ತಿದ್ದರು.

ಈಗ ಹೇಳಿಬಿಡುತ್ತೇನೆ — ನನಗೆ ಭಯವಾಗಿದೆ. ನಾಳೆ ಮೂರನೆಯ ಷೋರೂಮಿನ ಕರಾರಿಗೆ ಸಹಿ. ಅಣ್ಣ ಬೇಡ ಎಂದಿದ್ದರು. "ಆ ಒಂದೂ ಹೋಗ್ಬಿಟ್ಟಿದೆ ಯಜಮಾನ್ರೇ, ಈಗ ಸಂಬಳ ಕೊಡ್ತಿರೋದೂ ಸಾಲದಲ್ಲೇ" ಎಂದದ್ದು ನನ್ನ ಎದುರಿಗೇ. ನಿನ್ನೆ, ಸಹಿ ಹಾಕುವಾಗಿನ ಫೋಟೋ ಚೆನ್ನಾಗಿ ಬರಲಿ ಅಂತ, ಅಂಗಳದ ಕಾರುಗಳನ್ನೆಲ್ಲ ತೊಳೆಸಿದರು. ಬೆಳಿಗ್ಗೆ ಹೋಗಿ ನೋಡಿದೆ — ಟೈರುಗಳು ಕಪ್ಪಗೆ ಮಿರಿಮಿರಿ ಮಿಂಚುತ್ತಿವೆ. ಒಂದು ಗೀಟೂ ಇಲ್ಲ. ಅಯ್ಯೋ, ಎಲ್ಲ ಕಾರೂ ನಿನ್ನೆ ತಾನೇ ಬಂದ ಹಾಗಿವೆ!

ಯಜಮಾನರೇ, ಈ ಮಾತಿಗೆ ನನ್ನ ಕೆಲಸ ಹೋಗಬಹುದು. "ಬಾಯ್ ಮುಚ್ಕೊಂಡು ಇದ್ದು ಬನ್ನಿ" ಅಂತ ಹೆಂಡತಿ ಹೇಳಿಯೇ ಕಳಿಸಿದ್ದಾಳೆ. ಆದರೆ ಹಿಂದೆ ಗೋಡೆಗೆ ಒರಗಿ ನಿಂತ ಮೆಕ್ಯಾನಿಕ್‌ಗಳನ್ನು ನೋಡಿ. ಮುಂದಿನ ತಿಂಗಳ ಸಂಬಳ ಬಂದೇ ಬರುತ್ತದೆಂದು ನಂಬಿ ನಿಂತವರು ಅವರು.

ಇದು ಅಣ್ಣನ ಅಂಗಿ ಜೇಬಿನಲ್ಲಿದ್ದ ಸೀಮೆಸುಣ್ಣದ ತುಂಡು. ಒಳಗೆ ಬರುವಾಗ ಅತ್ತಿಗೆ ಬಾಗಿಲಲ್ಲಿ ನನ್ನ ಕೈಗಿಟ್ಟು, "ಯಾರಿಗೆ ಕೊಡ್ಬೇಕೋ ಕೊಡಪ್ಪಾ" ಎಂದರು. ಯಜಮಾನರೇ, ನಿಮಗೇ ಕೊಡುತ್ತಿದ್ದೇನೆ — ತಗೊಳ್ಳಿ. ಸಹಿಗೆ ಮೊದಲು ಒಂದು ಸಲ ಅಂಗಳ ಸುತ್ತಿ. ತೊಳೆದುಹೋದ ಗೀಟುಗಳನ್ನು ನೀವೇ ಬಗ್ಗಿ ಮತ್ತೆ ಎಳೆಯಿರಿ. ಎಳೆದು ಮುಗಿದ ಮೇಲೂ ಸಹಿ ಹಾಕಬೇಕೆನಿಸಿದರೆ, ಹಾಕಿ.

ಇನ್ನು ಎಲ್ಲರೂ ದಯವಿಟ್ಟು ಏಳಿ. ಅಣ್ಣನಿಗಾಗಿ ಒಂದು ನಿಮಿಷ ಸುಮ್ಮನೆ ನಿಲ್ಲೋಣ. ಯಜಮಾನರೇ — ಅದನ್ನು ಮೇಜಿನ ಮೇಲೆ ಇಡಬೇಡಿ. ಕೈಯಲ್ಲಿ ಹಿಡಿದುಕೊಂಡೇ ನಿಲ್ಲಿ.