ಒನ್ಸ್ ಮೋರ್ ಎಂದರೆ ಇನ್ನೊಂದು ರೊಟ್ಟಿ

ನಮ್ಮ ‘ದನಿ ಬಳಗ’ದ ಅಧ್ಯಕ್ಷರಾದ ಡಾಕ್ಟರ್ ಶ್ರೀಕಂಠ ಅವರೇ, ನನ್ನಂಥವನ ಹೆಸರನ್ನೂ ಆಮಂತ್ರಣದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದ ಕಾರ್ಯದರ್ಶಿ ಪದ್ಮಜಾ ಅವರೇ, ಶನಿವಾರ ಸಂಜೆಯ ಜುರಾಂಗ್ ಈಸ್ಟ್ ಸ್ಟೇಷನ್ನಿನ ನೂಕುನುಗ್ಗಲು ದಾಟಿ ಬಂದಿರುವ ಸಭಿಕರೇ, ಹಿಂದಿನ ಬಾಗಿಲ ಬಳಿ ಬಿಸಿಬೇಳೆಬಾತಿನ ಪಾತ್ರೆಗೆ ಕಾವಲು ನಿಂತಿರುವ ಮಕ್ಕಳೇ, ಎಲ್ಲರಿಗೂ ವಂದನೆಗಳು.

ಈ ವಾರ್ಷಿಕೋತ್ಸವದಲ್ಲಿ ನನಗೆ ಕೊಟ್ಟಿರುವ ವಿಷಯ, ‘ಬ್ರಿಟಿಷರ ಬದುಕಿನಲ್ಲಿ ಆಪೆರಾ: ಅದು ಬರೀ ದೊಡ್ಡವರ ಕಲೆಯೇ?’ ನಾನು ಸಂಗೀತಗಾರನಲ್ಲ, ಬ್ಯಾಂಕಿನವನು. ಸಿಂಗಾಪುರಕ್ಕೆ ಶಿಫ್ಟ್ ಆಗುವ ಮುಂಚೆ ಕೆಲವು ವರ್ಷ ಲಂಡನ್ನಿನಲ್ಲಿದ್ದೆ ಎಂಬುದೊಂದೇ ನನ್ನ ಅರ್ಹತೆ. ನನ್ನ ನಂತರ, ಕಾರ್ಯಕ್ರಮದ ಪ್ರಕಾರ, ನನ್ನ ತಾಯಿ ಚನ್ನಬಸವ್ವನವರು ಹಾಡಬೇಕು. ಮೂರನೇ ಸಾಲಿನಲ್ಲಿ ಹಸಿರು ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಕುಳಿತವರು ಅವರೇ. ಹಾಡುತ್ತಾರೋ, ಎದ್ದು ಮನೆಗೆ ಹೋಗುತ್ತಾರೋ ನನಗೂ ಗೊತ್ತಿಲ್ಲ. ಅದು ನಿಮ್ಮ ಕೈಯಲ್ಲಿದೆ. ಹೇಗೆಂದು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿಬಿಟ್ಟರೆ ನೀವು ಊಟಕ್ಕೆ ಏಳುತ್ತೀರಿ.

ಆಪೆರಾ ಎಂದರೇನು? ಒಂದು ಕಥೆ, ಒಬ್ಬ ರಾಜ, ಜರತಾರಿ ಉಡುಪು, ಮುಂದೆ ವಾದ್ಯದವರು. ಮಾತಾಡುವ ಕಡೆಯೆಲ್ಲ ಹಾಡು. ಪ್ರೀತಿಗೂ ಹಾಡು, ಜಗಳಕ್ಕೂ ಹಾಡು, ಸಾಯುವಾಗಂತೂ ಕೇಳಲೇಬೇಡಿ. ಬ್ರಿಟನ್ನಿನಲ್ಲಿ ಇದರ ಬಗ್ಗೆ ಮುಗಿಯದ ಜಗಳವಿದೆ. ಎಲ್ಲರ ತೆರಿಗೆ ದುಡ್ಡಿನಲ್ಲಿ ಕೆಲವರ ಮೋಜು ಏಕೆ ಎನ್ನುತ್ತಾರೆ ಕೆಲವರು. ಬಾಗಿಲು ಎಲ್ಲರಿಗೂ ತೆರೆದಿದೆಯಲ್ಲ ಎನ್ನುತ್ತಾರೆ ಇನ್ನು ಕೆಲವರು. ತೆರೆದಿರುವುದು ನಿಜ. ನನ್ನ ಆಫೀಸಿನ ಇಂಗ್ಲಿಷ್ ಗೆಳೆಯನೊಬ್ಬ ಫುಟ್‌ಬಾಲ್ ಟಿಕೆಟ್ಟಿಗೆ ಕಣ್ಣು ಮುಚ್ಚಿ ದುಡ್ಡು ಸುರಿಯುತ್ತಿದ್ದ. ಆಪೆರಾದ ಮೇಲಟ್ಟದ ಸೀಟು ಅದಕ್ಕಿಂತ ಅಗ್ಗ ಮಾರಾಯ ಎಂದರೆ, ‘ಅದು ನಮ್ಮಂಥವರ ಜಾಗವಲ್ಲ’ ಎನ್ನುತ್ತಿದ್ದ. ಬಾಗಿಲು ತೆರೆದಿದ್ದರೇನು, ಹೊಸ್ತಿಲು ಎತ್ತರ.

ನಾನು ಆ ಮೇಲಟ್ಟದ ಗಿರಾಕಿ. ಅಲ್ಲಿ ನನ್ನ ಅಕ್ಕಪಕ್ಕ ಕೂರುತ್ತಿದ್ದವರು ಯಾರು? ಶಾಲೆಯ ಮೇಷ್ಟರು, ಡ್ಯೂಟಿ ಮುಗಿಸಿ ಬಂದ ನರ್ಸು, ಬ್ರೆಡ್ಡು ಕಟ್ಟಿಕೊಂಡು ಬಂದ ಮುದುಕರು. ಲಾರ್ಡುಗಳು ಕೆಳಗಿದ್ದರೇನೋ, ನಮ್ಮ ಎತ್ತರದಿಂದ ಬೋಳುತಲೆಗಳಷ್ಟೇ ಕಾಣುತ್ತಿದ್ದವು.

ನಮ್ಮ ತಂದೆ ರಾಚಯ್ಯನವರು ತೀರಿಕೊಂಡ ವರ್ಷ ತಾಯಿಯವರು ನಮ್ಮ ಬಳಿ ಲಂಡನ್ನಿಗೆ ಬಂದರು. ಒಂದು ಸಂಜೆ ನನ್ನ ಹೆಂಡತಿ ಹಂಸಾಳಿಗೆ ಜ್ವರ, ಅವಳ ಟಿಕೆಟ್ಟು ಹಾಳಾಗುತ್ತಿತ್ತು. ಗದಗಿನಲ್ಲಿ ಸಂಸಾರ ಮಾಡಿದ ಅವ್ವ ಏನನ್ನಾದರೂ ಹಾಳಾಗಲು ಬಿಟ್ಟಾರೆಯೇ? ಸೀರೆಯ ಮೇಲೆ ನನ್ನ ಓವರ್‌ಕೋಟು ಹಾಕಿಕೊಂಡು ಹೊರಟೇಬಿಟ್ಟರು. ಸೀಟಿನಲ್ಲಿ ಕುಳಿತ ಕೂಡಲೇ ಕೇಳಿದರು, ‘ಇದು ಯಾವ ಕಂಪನಿ?’ ನಾನು ಬ್ಯಾಂಕಿನವನಲ್ಲವೇ, ಆ ಸಂಜೆಯ ಪ್ರಾಯೋಜಕರ ಹೆಸರು ಹೇಳಿದೆ. ಅವ್ವ ನನ್ನ ಮುಖ ನೋಡಿ ಪರದೆಯ ಕಡೆ ತಿರುಗಿದರು.

ನಾಯಕಿಗೆ ಕ್ಷಯ. ಮಂಚದ ಮೇಲೆ ಮಲಗಿ ಎಷ್ಟೋ ಹೊತ್ತು ಹಾಡುತ್ತಾಳೆ. ಇಟಾಲಿಯನ್ ಭಾಷೆ, ಅವ್ವನಿಗೆ ಒಂದಕ್ಷರ ಗೊತ್ತಿಲ್ಲ, ಆದರೂ ನನ್ನ ಮಣಿಕಟ್ಟು ಹಿಡಿದುಕೊಂಡು ಕೇಳಿದರು. ‘ಕ್ಷಯ ಆದಾಕಿಗೆ ಇಷ್ಟ ದಮ್ ಎಲ್ಲಿಂದ ಬಂತೋ!’ ಎಂದರು ಒಮ್ಮೆ. ಕೊನೆಗೆ ನಾಯಕಿ ಸತ್ತಳು. ಸಾವಿರಾರು ಜನ ಉಸಿರು ಬಿಗಿಹಿಡಿದಿದ್ದಾರೆ. ಆಗ ನಮ್ಮ ಅವ್ವ ಎದ್ದು ನಿಂತು, ಛಾವಣಿ ಹಾರಿಹೋಗುವಂತೆ ಕೂಗಿದರು: ‘ಒನ್ಸ್ ಮೋರ್!’

ನಾನು ಕಳೆದುಹೋದ ಚಪ್ಪಲಿ ಹುಡುಕುವವನಂತೆ ಸೀಟಿನ ಕೆಳಗೆ ಬಗ್ಗಿದೆ. ಮಗ್ಗುಲಲ್ಲಿದ್ದ ಮುದುಕರೊಬ್ಬರು ನನ್ನನ್ನು ದಾಟಿ ಕೈ ಚಾಚಿ ಅವ್ವನಿಗೆ ಪೆಪ್ಪರ್‌ಮಿಂಟು ಕೊಟ್ಟರು. ‘ಸರಿಯಾಗಿ ಹೇಳಿದಿರಿ, ತಾಯಿ. ಎಷ್ಟೋ ವರ್ಷದಿಂದ ನನಗೂ ಹಾಗೆ ಕೂಗಬೇಕು ಅನ್ನಿಸುತ್ತಿತ್ತು’ ಎಂದರು. ಆ ಪುಣ್ಯಾತ್ಮನ ಹೆಸರೂ ನನಗೆ ಗೊತ್ತಿಲ್ಲ. ಇಂದು ಈ ವೇದಿಕೆಯಿಂದ ಅವರಿಗೊಂದು ಕೃತಜ್ಞತೆ. ನಾಯಕಿ ಮಾತ್ರ ಏಳಲಿಲ್ಲ. ‘ಪಾಪ, ಆಕಿಗೆ ಕೇಳಿಸ್ಲಿಲ್ಲೇನೋ’ ಎಂದು ಅವ್ವ ಕುಳಿತರು. ಮತ್ತೊಮ್ಮೆ ಹಾಡಿ ಎನ್ನಲು ಇಂಗ್ಲಿಷರು ‘ಆಂಕೋರ್’ ಎಂಬ ಫ್ರೆಂಚ್ ಪದ ಬಳಸುತ್ತಾರೆ, ಗದಗಿನವರು ಇಂಗ್ಲಿಷ್ ಪದ. ಇದರಲ್ಲಿ ದೊಡ್ಡವರು ಯಾರು, ನೀವೇ ಹೇಳಿ!

ಆದರೆ ಸಭಿಕರೇ, ಆ ಮಾತು ನನಗೆ ಹೊಸದಲ್ಲ. ನಾನು ಚಿಕ್ಕವನಿದ್ದಾಗ ಅವ್ವ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಗುನುಗುತ್ತಿದ್ದರು. ಪಡಸಾಲೆಯಲ್ಲಿ ಊಟಕ್ಕೆ ಕುಳಿತ ಅಪ್ಪ, ಅಜ್ಜ ಅಜ್ಜಿಗೆ ಕೇಳಿಸದಂತೆ, ಮೆಲ್ಲಗೆ ‘ಒನ್ಸ್ ಮೋರ್’ ಎನ್ನುತ್ತಿದ್ದರು. ಒಳಗಿನಿಂದ ಬಿಸಿ ರೊಟ್ಟಿ ಬರುತ್ತಿತ್ತು. ಹೀಗಾಗಿ ಇಂಗ್ಲಿಷ್ ಮೇಷ್ಟರು ಒನ್ಸ್ ಮೋರ್ ಎಂದರೇನೋ ಎಂದು ಕೇಳಿದಾಗ, ನಾನು ಎದೆಯುಬ್ಬಿಸಿ ‘ಇನ್ನೊಂದು ರೊಟ್ಟಿ, ಸರ್’ ಎಂದೆ. ತರಗತಿಯೆಲ್ಲ ನಕ್ಕಿತು. ಮೇಷ್ಟರಿಗೇ ಗೊತ್ತಿಲ್ಲ ಎಂದುಕೊಂಡೆ ನಾನು.

ಆಪೆರಾದಿಂದ ಮನೆಗೆ ಹೋಗುವ ರೈಲಿನಲ್ಲಿ ಅವ್ವನಿಗೆ ಇದನ್ನು ಹೇಳಿದೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು, ‘ನಿಮ್ಮಪ್ಪ ರೊಟ್ಟಿ ಕೇಳ್ತಿದ್ದಿಲ್ಲಪಾ. ಹಾಡು ಕೇಳ್ತಿದ್ರು.’

ಮದುವೆಗೆ ಮುಂಚೆ ನನ್ನ ತಾಯಿ ಊರೂರು ತಿರುಗುವ ನಾಟಕ ಕಂಪನಿಯಲ್ಲಿ ನಟಿ, ಹಾಡುಗಾರ್ತಿ. ಇದನ್ನು ನಾನು ಮೊದಲು ಕೇಳಿದ್ದು ಲಂಡನ್ನಿನ ನೆಲದಡಿಯ ರೈಲಿನಲ್ಲಿ. ಕಂಪನಿ ಗದಗಿನಲ್ಲಿ ಕ್ಯಾಂಪು ಹಾಕಿದಾಗ ಅಪ್ಪ ದಿನಾ, ಕುರ್ಚಿ ಬೆಂಚುಗಳ ಟಿಕೆಟ್ಟು ಬಿಟ್ಟು, ಎಲ್ಲಕ್ಕಿಂತ ಅಗ್ಗದ ನೆಲದ ಟಿಕೆಟ್ಟು ತೆಗೆದುಕೊಂಡು ಮುಂದೆ ಕೂರುತ್ತಿದ್ದರಂತೆ. ನಾಯಕಿ ಹಾಡಿ ಸತ್ತರೆ ಅಪ್ಪ ಒನ್ಸ್ ಮೋರ್ ಕೂಗುವುದು, ಆಕೆ ಸೀರೆ ಕೊಡವಿಕೊಂಡು ಎದ್ದು ಹಾಡಿ ಮತ್ತೆ ಸಾಯುವುದು. ‘ನಿಮ್ಮಪ್ಪನ ಸಲುವಾಗಿ ನಾ ಭಾಳ ಸಲ ಸತ್ತೀನಿ’ ಎಂದರು ಅವ್ವ. ಅಜ್ಜ ಮದುವೆಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಸೊಸೆ ಮತ್ತೆ ರಂಗ ಹತ್ತಬಾರದು, ಆ ಸುದ್ದಿಯನ್ನೇ ಎತ್ತಬಾರದು. ಮರ್ಯಾದಸ್ಥರ ಮನೆ ನೋಡಿ! ಇಬ್ಬರೂ ಮಾತು ಉಳಿಸಿಕೊಂಡರು. ಉಳಿದದ್ದು ಅಡಿಗೆಮನೆಯ ಗುನುಗು, ಪಡಸಾಲೆಯ ಆ ಎರಡು ಪದ.

ವಿಷಯಕ್ಕೆ ಬರುತ್ತೇನೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಅಲ್ಲಿ ಹಾಡುತ್ತಾ ಸತ್ತರೆ ಬಹಳ ದೊಡ್ಡವರ ಕಲೆ, ನಮ್ಮಂಥವರು ಹತ್ತಿರ ಹೋಗಬಾರದು. ನಮ್ಮೂರಿನಲ್ಲಿ ಹಾಡುತ್ತಾ ಸತ್ತರೆ ಬಹಳ ಸಣ್ಣವರ ಕಲೆ, ನಮ್ಮಂಥವರು ಹತ್ತಿರ ಹೋಗಬಾರದು. ಹಾಗಾದರೆ ಈ ‘ನಮ್ಮಂಥವರು’ ಹೋಗುವುದಾದರೂ ಎಲ್ಲಿಗೆ? ನನ್ನ ಅವ್ವನ ಮುಚ್ಚಿಟ್ಟ ಬಾಯಿ ತೆರೆದದ್ದು ಆ ಪರದೇಶದ ಹಾಡು. ಅದಕ್ಕೆ ನಾನು ಋಣಿ.

ಪದ್ಮಜಾ ಅವರಿಗೂ ಋಣಿ. ಬುಕಿತ್ ಪಂಜಾಂಗ್‌ನಲ್ಲಿ ನಮ್ಮ ಬ್ಲಾಕಿನ ಕೆಳಗಿನ ತೆರೆದ ಜಗಲಿ, ಅದೇ ವಾಯ್ಡ್ ಡೆಕ್‌ನಲ್ಲಿ ಕುಳಿತು ಅವರೆಕಾಳು ಬಿಡಿಸುತ್ತಾ ಅವ್ವ ಗುನುಗಿದ್ದನ್ನು ಕೇಳಿ, ‘ಆಂಟಿ, ನೀವು ಸ್ಟೇಜ್ ಮೇಲೆ ಹಾಡ್ಲೇಬೇಕು’ ಎಂದು ಹಟ ಹಿಡಿದವರು ಅವರು. ಅವ್ವ ಒಪ್ಪಿದರು. ಆದರೆ ಈ ಸಂಜೆ ಟ್ಯಾಕ್ಸಿಯಲ್ಲಿ ಅವರ ರಾಗ ಬದಲಾಯಿತು. ‘ದೊಡ್ಡ ಹಾಲ್ ಐತಿ, ಕಲತ ಮಂದಿ. ಯಾರೂ ಕೂಗೂದಿಲ್ಲ. ಕೂಗಲಿಲ್ಲಂದ್ರ ನನ್ನ ಹಾಡು ಮುಟ್ಟೇತೋ ಇಲ್ಲೋ ಹೆಂಗ ಗೊತ್ತಾಗಬೇಕು? ನಾ ಒಲ್ಲೆ.’ ನನ್ನ ಮಗಳು ಐಶ್ವರ್ಯ ತನ್ನ ಸಿಂಗಾಪುರದ ಇಂಗ್ಲಿಷ್ ಬೆರೆಸಿ ಹೇಳಿದಳು, ‘ಅಜ್ಜಿ, ಡೋಂಟ್ ವರಿ ಲಾ, ನಾನ್ ಕೂಗ್ತೀನಿ.’ ಒಬ್ಬಳ ದನಿ ಸಾಕೇ? ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ಆರಂಭದಲ್ಲಿ ಅಧ್ಯಕ್ಷರು ನಿಶ್ಶಬ್ದವಾಗಿರಿ ಎಂದರು. ಅವರ ಕ್ಷಮೆ ಕೋರಿ, ಅರ್ಧ ಗಂಟೆ ಆ ಆಜ್ಞೆಯನ್ನು ಮೀರಬೇಕೆಂದು ಪ್ರಾರ್ಥನೆ. ನಾವು ಈ ಹಾಲ್‌ನ ಬೆಂಚಿನವರೂ ಅಲ್ಲ, ಕುರ್ಚಿಯವರೂ ಅಲ್ಲ. ಇವತ್ತು ಎಲ್ಲರೂ ನೆಲದ ಟಿಕೆಟ್ಟಿನವರು.

ತಾಳ್ಮೆಯಿಂದ ಕೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದಗಳು. ಅಪ್ಪ ಇದ್ದಿದ್ದರೆ ನನಗೆ ಈ ಭಾಷಣದ ಅಗತ್ಯವೇ ಇರುತ್ತಿರಲಿಲ್ಲ. ಅವ್ವಾ, ಎದ್ದು ಬಾ. ಮೊದಲ ಕೂಗು ನನ್ನದು, ಮತ್ತೆ ಈ ಸಲ ರೊಟ್ಟಿಗಲ್ಲ.

ನಮಸ್ಕಾರ.