ಕಿವಿಯ ಹಿಂದಿನ ಪರೀಕ್ಷೆ

ಚರ್ಮದ ಡಾಕ್ಟರ ಕೋಣೆಯ ಹೊರಗೆ ದರ್ಜಿಯಮ್ಮ ತನ್ನ ಸರದಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಗಂಡ ಹೆಂಡತಿ ಬಂದು ಕೂತರು. ಗಂಡನ ತಲೆಗೂದಲು ಪಾಲಿಶ್ ಹಾಕಿದ ಕರೀ ಬೂಟಿನಂತೆ ಮಿರುಗುತ್ತಿತ್ತು. ಮುಖ ಮಾತ್ರ ಬಲೂನಿನಂತೆ ಊದಿ, ಕಣ್ಣುಗಳು ಎರಡು ಗೀಟುಗಳಾಗಿದ್ದವು.

“ನಾಳೆ ಮಗಳ ಮದುವೆ. ಈ ಮುಖ ಹೊತ್ಕೊಂಡು ಬೀಗರ ಮುಂದೆ ಹೇಗ್ರೀ ನಿಲ್ತೀರಿ?”

“ಫೋಟೋದಲ್ಲಿ ಬೀಗರಿಗಿಂತ ಚಿಕ್ಕೋನಾಗಿ ಕಾಣೋಣ ಅಂತ ತಲೆಗೆ ಬಣ್ಣ ಹಚ್ಕೊಂಡೆ.”

“ಮೊದ್ಲು ಕಿವಿ ಹಿಂದೆ ಒಂಚೂರು ಹಚ್ಚಿ, ಎರಡು ದಿನ ಕಾದು ನೋಡಿ ಅಂತ ಡಬ್ಬಿ ಮೇಲೇ ಬರ್ದಿರುತ್ತಲ್ರೀ!”

“ನೋಡಿದ್ದೆ ಕಣೇ. ಏನೂ ಆಗ್ಲಿಲ್ಲ.”

“ನಿಮ್ಮ ಕಿವಿ ಹಿಂದೆ ಒಂದು ಕಲೆನೂ ಇಲ್ವಲ್ಲ?”

ಗಂಡ ಗೋಡೆಯತ್ತ ತಿರುಗಿದ.

“ನಿನ್ನ ಕಿವಿ ಹಿಂದೆ ಹಚ್ಚಿದ್ದೆ. ನೀನು ಮಲಗಿದ್ದಾಗ.”

ದರ್ಜಿಯಮ್ಮ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು.

“ಅಯ್ಯೋ ನಿಮ್ಮ! ಆ ಕರೀ ಮಚ್ಚೆ ಮಗಳು ತೋರಿಸಿದಾಗ, ಎಂಥಾ ರೋಗ ಬಂತಪ್ಪಾ ಅಂತ ನನ್ನ ಜೀವ ಬಾಯಿಗೆ ಬಂದಿತ್ತು!”

“ನಿಂಗೆ ಒಗ್ಗಿದ್ದು ನಂಗೂ ಒಗ್ಗುತ್ತೆ ಅನ್ಕೊಂಡೆ. ಇಷ್ಟು ವರ್ಷ ಒಂದೇ ಸೋಪು ಅಲ್ವಾ?”

“ನನ್ನ ಚರ್ಮನ ಕೇಳಿದ್ರೆ ಅದೇನು ಹೇಳುತ್ತೆ? ಹತ್ತು ವರ್ಷದಿಂದ ಅದೇ ಬಣ್ಣ ಹಚ್ಚಿ ಹಚ್ಚಿ...”

ಗಂಡ ಬೆರಳಿನಿಂದ ಒಂದು ರೆಪ್ಪೆಯನ್ನು ಬಿಡಿಸಿ, ಹೆಂಡತಿಯ ಕಪ್ಪು ಜಡೆಯನ್ನು ಬುಡದಿಂದ ತುದಿಯವರೆಗೆ ನೋಡಿದ.

“ಅಂದ್ರೆ ಈ ಕಪ್ಪು ಕೂದ್ಲು ನಿಮ್ಮಮ್ಮನ ಕಡೆಯಿಂದ ಬಂದಿದ್ದು ಅಂತಿದ್ದದ್ದು ಸುಳ್ಳಾ?”

“ಡಾಕ್ಟ್ರು ಕರೀತಿದಾರೆ, ಏಳಿ ಏಳಿ!”

ಡಾಕ್ಟರು ಕರೆದೇ ಇರಲಿಲ್ಲ. ಸರದಿಯೂ ದರ್ಜಿಯಮ್ಮನದೇ. ಅವಳು ತುಟಿ ಕಚ್ಚಿಕೊಂಡು, ಕಾಲು ಹಿಂದಕ್ಕೆಳೆದು ಅವರಿಗೆ ದಾರಿ ಬಿಟ್ಟಳು.