ಖಾಲಿ ಚೌಕದ ಅಗಲ

ನಗಬೇಡಿ. ಇದು ನಮ್ಮ ದೊಡ್ಡಮ್ಮನ ಮಗನಿಗೇ ಆಗಿದ್ದು. ಅವನು ಸುಳ್ಳು ಹೇಳೋಕೂ ಸೋಮಾರಿ.

ಪ್ರೆಸ್ಸಿನಲ್ಲಿ ಪಠ್ಯಪುಸ್ತಕಗಳಿಗೆ ಚಿತ್ರ, ನಕ್ಷೆ ಬರೆಯೋ ಕೆಲಸ ಅವನದು. ಅವತ್ತು ರಾತ್ರಿ ಹತ್ತೂವರೆಗೆ ಹಾಳುಬಾವಿ ಪಕ್ಕ ನಡ್ಕೊಂಡು ಬರ್ತಿದ್ದ. ಸುತ್ತುದಾರಿ ಅದು. ಹೆಂಡತಿ ತೀರ್ಕೊಂಡು ಎಂಟು ತಿಂಗಳು... ಬೇಗ ಹೋದ್ರೆ ಬಾಗಿಲು ತೆಗೆಯೋರು ಯಾರು? ಬಾವಿಗೆ ಹಗ್ಗವೇ ಇಲ್ಲ, ಆದ್ರೂ ರಾಟೆ ಕಿರ್... ಕಿರ್... ಅಂತಿತ್ತು. ಅಷ್ಟರಲ್ಲಿ ಅವನ ಅಕ್ಕನ ಫೋನು. ಇವನು ಮಾಡ್ತಿದ್ದ ಮನೆತನದ ವಂಶವೃಕ್ಷದ ಪಟ ಬೆಳಿಗ್ಗೆ ಪ್ರಿಂಟಿಗೆ ಹೋಗ್ಬೇಕು, ತನ್ನ ಮನೆ ಹಜಾರದಲ್ಲಿ ಹಾಕ್ಬೇಕು, ನಾಡಿದ್ದು ಇವನನ್ನ ನೋಡೋಕೆ ಹೆಣ್ಣಿನ ಕಡೆಯವರು ಬರ್ತಾರೆ ಅಂದ್ಲು. ಆಮೇಲೆ ದನಿ ಇಳಿಸಿ, “ಹೋದವಳ ಹೆಸರು ತೆಗೆದುಬಿಡೋ,” ಅಂದ್ಲು.

ಇವನು ಹೂಂ ಅಂದ. ಅಕ್ಕನ ಎದುರು ಯಾವತ್ತೂ ಬಾಯಿ ಬಿಟ್ಟವನಲ್ಲ.

ಮನೆಗೆ ಬಂದು ಕಂಪ್ಯೂಟರ್ ಹಾಕಿದ. ಪಟದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಚೌಕ. ಪ್ರಿಂಟಿನ ಫೈಲ್ ಮಾಡೋ ಮುಂಚೆ ತೆರೆ ಮೇಲೆ ಮೂಡಿದ ಪ್ರತಿ ಚೌಕವನ್ನೂ ಕಂಪ್ಯೂಟರು ಅಳೆಯುತ್ತೆ. ಹೆಸರು ಎಷ್ಟುದ್ದವೋ ಚೌಕ ಅಷ್ಟಗಲ. ಹೆಸರೇ ಇಲ್ಲದಿದ್ರೆ ಸೊನ್ನೆ, ಅಕ್ಕಪಕ್ಕದವು ಸರಿದು ಜಾಗ ಮುಚ್ಚಿಬಿಡ್ತವೆ. ಅವಳ ಹೆಸರನ್ನ ಒಂದೊಂದೇ ಅಕ್ಷರ ಅಳಿಸಿದ. ಟಕ್... ಟಕ್... ಅಳತೆ ನೋಡಿದ.

ನೂರಾ ಹದಿನೆಂಟು.

ಕಣ್ಣುಜ್ಜಿಕೊಂಡು ಇನ್ನೊಂದ್ಸಲ ನೋಡಿದ. ನೂರಾ ಇಪ್ಪತ್ತೊಂದು. ಮತ್ತೆ ನೂರಾ ಹದಿನೆಂಟು. ಆಮೇಲೆ ಇವನು ಏನೂ ಮುಟ್ಟದೇನೇ ಅಂಕಿ ತಾನಾಗಿ ಏರ್ತಿತ್ತು, ಇಳೀತಿತ್ತು... ಎರಡು ಸಣ್ಣ ಏರು, ಒಂದು ಉದ್ದ ಇಳಿತ.

ಅದು ಅವನಿಗೆ ಗೊತ್ತು ಕಣ್ರೀ. ಅವಳಿಗೆ ಉಬ್ಬಸ ಇತ್ತು. ಆರು ವರ್ಷ ರಾತ್ರಿಯೆಲ್ಲ ಪಕ್ಕದಲ್ಲಿ ಮಲಗಿ ಎಣಿಸಿದ ಉಸಿರು ಅದು. ಅವಳು ಹೋದ್ಮೇಲೆ ಎಣಿಸೋಕೆ ಏನೂ ಇಲ್ಲದೆ ಇವನಿಗೆ ನಿದ್ದೆಯೇ ಹತ್ತಿರಲಿಲ್ಲ.

ಎದ್ದು ಓಡ್ಬೇಕಿತ್ತು ತಾನೆ? ಓಡಲಿಲ್ಲ. ಮೆಲ್ಲಗೆ, “ಮಲಗಿದೀಯಾ?” ಅಂದ.

ಮೇಜಿಗೆ ತಲೆಯಿಟ್ಟು ಅಂಕಿ ನೋಡ್ತಾ ನೋಡ್ತಾ ಮಲಗಿಬಿಟ್ಟ. ಎಂಟು ತಿಂಗಳಲ್ಲಿ ಅದೇ ಮೊದಲ ನಿದ್ದೆ.

ಬೆಳಿಗ್ಗೆ ನೋಡ್ತಾನೆ, ಅಳತೆ ಸೊನ್ನೆ. ಅಳು ತಡೆಯೋಕಾಗಲಿಲ್ಲ ಅವನಿಗೆ. ಅಕ್ಕನಿಗೆ ಮಾತು ಕೊಟ್ಟಾಗಿತ್ತು, ಫೈಲು ಹಾಗೇ ಕಳಿಸಿದ.

ಪಟ ಈಗಲೂ ಅಕ್ಕನ ಹಜಾರದಲ್ಲಿದೆ. ಇವನ ಚೌಕದ ಪಕ್ಕ ಮೂರು ಬೆರಳಿನಷ್ಟು ಜಾಗ ಖಾಲಿ. ಅಕ್ಕ ಮೂರು ಸಲ ಪ್ರಿಂಟ್ ಹಾಕಿಸಿದ್ರೂ ಅದು ಮುಚ್ಚಲಿಲ್ಲ. ಬಂದ ಸಂಬಂಧಕ್ಕೆ ಇವನೇ ಬೇಡ ಅಂದ.

ನಂಬಲ್ವಾ? ಸ್ಕೇಲ್ ತಗೊಂಡು ಹೋಗಿ. ಆಣೆ ಮಾಡಿ ಹೇಳ್ತೀನಿ, ಆ ಖಾಲಿ ಜಾಗವನ್ನ ನಾನೇ ಎರಡು ಸಲ ಅಳೆದೆ... ಎರಡು ಸಲವೂ ಅಳತೆ ಒಂದೇ ಬರಲಿಲ್ಲ.